ಬ್ರೆಜಿಲ್ ಮಹಿಳಾ ವಿಶ್ವಕಪ್ 2027: ಎಂಟು ಊರುಗಳಲ್ಲಿ ಬಿಡಾರ ಎಲ್ಲಿ ಹೂಡಬೇಕು?

2027ರ ಜೂನ್ 24, ಗುರುವಾರ ಶುರು. ಜುಲೈ 25, ಭಾನುವಾರ ಫೈನಲ್. 32 ತಂಡ, 64 ಪಂದ್ಯ, ಎಂಟು ನಗರ. ಮಹಿಳಾ ವಿಶ್ವಕಪ್ ದಕ್ಷಿಣ ಅಮೆರಿಕದಲ್ಲಿ ನಡೆಯುತ್ತಿರುವುದು ಇದೇ ಮೊದಲು. ಹೋಗಲೇಬೇಕು ಎಂದು ತೀರ್ಮಾನಿಸಿದವರನ್ನು ಆಮೇಲೆ ಕಾಡುವ ಪ್ರಶ್ನೆ ಒಂದೇ: ಇಳಿದುಕೊಳ್ಳುವುದು ಎಲ್ಲಿ? ರಿಯೊ ಡಿ ಜನೈರೊದಲ್ಲೋ, ಸಾವೊ ಪಾವ್ಲೊದಲ್ಲೋ, ಈಶಾನ್ಯದ ಕಡಲೂರುಗಳಲ್ಲೋ?

ಹೆಸರು ಕೇಳಿದ ಊರು ಎಂಬ ಕಾರಣಕ್ಕೆ ರಿಯೊದಲ್ಲಿ ಇಡೀ ತಿಂಗಳಿಗೆ ಕೋಣೆ ಹಿಡಿಯುವುದು ಸುಲಭ. ಕೈಗೆ ಸಿಕ್ಕಿದ ಪಂದ್ಯದ ಟಿಕೆಟ್ ಫೋರ್ಟಲೆಜಾದ್ದಾದರೆ ಮಾತ್ರ ಗೊತ್ತಾಗುತ್ತದೆ, ಅದು ವಿಮಾನದಲ್ಲೇ ಮೂರು ಗಂಟೆ ದಾಟುವ ದೂರ ಎಂದು. ಬ್ರೆಜಿಲ್ ಭಾರತದ ಎರಡೂವರೆ ಪಟ್ಟು ದೊಡ್ಡದು. ಈ ಎಂಟು ನಗರಗಳಲ್ಲಿ ಯಾವ ಎರಡರ ನಡುವೆಯೂ ಪ್ರಯಾಣಿಕರ ರೈಲಿಲ್ಲ. ಬಸ್ಸು, ಇಲ್ಲವೇ ವಿಮಾನ. ಆದ್ದರಿಂದ ಇಲ್ಲಿ ಒಂದು ಊರನ್ನು ಆರಿಸಿದರೆ ಸಾಲದು, ಅಕ್ಕಪಕ್ಕದ ಊರುಗಳ ಒಂದು ಗುಂಪನ್ನೇ ಆರಿಸಬೇಕು.

ಯಾವುದನ್ನು ಇಟ್ಟುಕೊಂಡು ಅಳೆಯಬೇಕು

ಮೊದಲು ನೋಡಬೇಕಾದದ್ದು ಪಂದ್ಯ ಮುಗಿದ ಮೇಲೆ ಕೋಣೆಗೆ ಮರಳುವ ದಾರಿ. ಹೋಗುವಾಗ ಎಲ್ಲರಿಗೂ ಹೇಗೋ ದಾರಿ ಸಿಗುತ್ತದೆ. ಕಷ್ಟವಾಗುವುದು ಬರುವಾಗ, ಐವತ್ತು ಸಾವಿರ ಜನ ಒಟ್ಟಿಗೆ ಹೊರಬಿದ್ದಾಗ. ರಾತ್ರಿ 9ಕ್ಕೆ ಶುರುವಾಗುವ ನಾಕೌಟ್ ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಗಿ ಪೆನಾಲ್ಟಿಯಲ್ಲಿ ತೀರ್ಮಾನವಾದರೆ ಗಂಟೆ 11:45 ದಾಟುತ್ತದೆ. ರಿಯೊ ಮೆಟ್ರೊ ಸಾಮಾನ್ಯ ದಿನಗಳಲ್ಲಿ ಮಧ್ಯರಾತ್ರಿಗೆ, ಭಾನುವಾರ ಮತ್ತು ರಜಾದಿನಗಳಲ್ಲಿ ರಾತ್ರಿ 11ಕ್ಕೆ ನಿಲ್ಲುತ್ತದೆ. ದೊಡ್ಡ ಪಂದ್ಯಗಳಿದ್ದಾಗ ಅವಧಿ ವಿಸ್ತರಿಸುವುದುಂಟು, ಆದರೆ ಅದನ್ನು ಆಯಾ ಪಂದ್ಯಕ್ಕೆ ಪ್ರಕಟವಾಗುವ ವೇಳಾಪಟ್ಟಿಯಲ್ಲಿ ನೋಡಿಯೇ ನಂಬಬೇಕು.

ಎರಡನೆಯದು, ಇನ್ನೊಂದು ಆತಿಥೇಯ ನಗರಕ್ಕೆ ಬಸ್ಸಿನಲ್ಲಿ ಹೋಗಿಬರಲು ಸಾಧ್ಯವೇ ಎಂಬುದು. ಮೂರನೆಯದು ಹವೆ. ಜೂನ್–ಜುಲೈ ಅಲ್ಲಿ ಚಳಿಗಾಲ, ಆದರೆ ಒಂದೊಂದು ಊರಿನಲ್ಲಿ ಅದರ ಅರ್ಥ ಒಂದೊಂದು. ನಾಲ್ಕನೆಯದು ಖರ್ಚು: ಕೋಣೆಯ ಬಾಡಿಗೆಯ ಜೊತೆಗೆ ಅದನ್ನು ದಂಡವಿಲ್ಲದೆ ರದ್ದುಮಾಡುವ ಅವಕಾಶವನ್ನೂ ಸೇರಿಸಿ ಲೆಕ್ಕ ಹಾಕಬೇಕು. ಜುಲೈ ಬ್ರೆಜಿಲ್‌ನ ಶಾಲೆಗಳಿಗೆ ಚಳಿಗಾಲದ ರಜೆಯ ತಿಂಗಳು. ವಿಶ್ವಕಪ್ ಇಲ್ಲದ ವರ್ಷದಲ್ಲೂ ಆಗ ವಿಮಾನದ ದರ ಏರಿರುತ್ತದೆ.

ಆಗ್ನೇಯದ ತ್ರಿಕೋನ: ರಿಯೊ, ಸಾವೊ ಪಾವ್ಲೊ, ಬೆಲೊ ಹಾರಿಜಾಂಟೆ

ವಿಮಾನ ಹತ್ತದೆ ಮೂರು ಕ್ರೀಡಾಂಗಣ ಮುಟ್ಟಬಹುದಾದ ಜಾಗ ಇದೊಂದೇ. ರಿಯೊದಿಂದ ಸಾವೊ ಪಾವ್ಲೊಗೆ ಸುಮಾರು 430 ಕಿ.ಮೀ., ಬಸ್ಸಿನಲ್ಲಿ ಆರು ಗಂಟೆ. ರಿಯೊದಿಂದ ಬೆಲೊ ಹಾರಿಜಾಂಟೆಗೂ ಹೆಚ್ಚುಕಡಿಮೆ ಅಷ್ಟೇ ದೂರ, ಆದರೆ ಗುಡ್ಡದ ದಾರಿಯಾದ್ದರಿಂದ ಆರೂವರೆ–ಏಳು ಗಂಟೆ. ಸಾವೊ ಪಾವ್ಲೊ–ಬೆಲೊ ಹಾರಿಜಾಂಟೆ 580 ಕಿ.ಮೀ. ಮೀರುತ್ತದೆ, ಎಂಟು ಗಂಟೆ ಬೇಕು. ರಾತ್ರಿ ಬಸ್ಸಿಗೆ ಹೇಳಿ ಮಾಡಿಸಿದ ಅಂತರ.

ಬಸ್ ಟಿಕೆಟ್ ಕೊಳ್ಳುವಾಗ ದರ್ಜೆಯ ಹೆಸರು ನೋಡಿ. ಕೊನ್ವೆನ್ಸಿಯೊನಾಲ್ ಮತ್ತು ಎಜೆಕುಟಿವೊ ಕೂರುವ ಸೀಟುಗಳು, ಸೆಮಿ ಲೇಯಿತೊ ಅರ್ಧ ಒರಗುವಂಥದ್ದು. ಲೇಯಿತೊ ಎಂದರೆ ನಮ್ಮ ಸ್ಲೀಪರ್ ಬಸ್ಸಿನ ಬರ್ತ್ ಎಂದುಕೊಳ್ಳಬೇಡಿ, ಅದು ಚೆನ್ನಾಗಿ ಹಿಂದಕ್ಕೆ ಬಾಗುವ ಅಗಲದ ಸೀಟು. ಪೂರ್ತಿ ಮಲಗಬೇಕಿದ್ದರೆ ಕಾಮಾ ಎಂಬ ದರ್ಜೆ ಹುಡುಕಬೇಕು. ಎಸಿ ಜೋರಾಗಿರುತ್ತದೆ, ಹೊದಿಕೆ ಕೈಚೀಲದಲ್ಲೇ ಇರಲಿ.

ರಿಯೊದ ಮರಕಾನಾ ಎಂಟರಲ್ಲಿ ಅತಿ ದೊಡ್ಡ ಕ್ರೀಡಾಂಗಣ, 78,000ಕ್ಕೂ ಹೆಚ್ಚು ಆಸನಗಳದ್ದು. ಉದ್ಘಾಟನೆ, ಫೈನಲ್ ಎರಡನ್ನೂ ಇಲ್ಲೇ ನಡೆಸುವುದಾಗಿ ಬ್ರೆಜಿಲ್ ತನ್ನ ಬಿಡ್‌ನಲ್ಲಿ ಹೇಳಿತ್ತು. ತಲುಪುವುದು ಸಲೀಸು: ಮೆಟ್ರೊದ 2ನೇ ಮಾರ್ಗ ಮತ್ತು ಉಪನಗರ ರೈಲು ಎರಡೂ ಗೇಟಿನ ಎದುರೇ ನಿಲ್ಲುತ್ತವೆ. ಮೆಟ್ರೊ ಗೇಟಿನಲ್ಲಿ ಸ್ಪರ್ಶ ಸೌಲಭ್ಯದ ಕಾರ್ಡನ್ನು ನೇರವಾಗಿ ತಾಗಿಸಿ ಒಳಹೋಗಬಹುದು. ಎಡವುವುದು ಎಲ್ಲಿ ಎಂದರೆ, ವಾರದ ದಿನಗಳಲ್ಲಿ ಬೊಟಫೊಗೊವರೆಗೆ ನೇರ ಓಡುವ 2ನೇ ಮಾರ್ಗದ ರೈಲು ವಾರಾಂತ್ಯದಲ್ಲಿ ಎಸ್ತಾಸಿಯೊದಲ್ಲೇ ಕೊನೆಗೊಳ್ಳಬಹುದು. ಅಲ್ಲಿ ಇಳಿದು 1ನೇ ಮಾರ್ಗ ಹಿಡಿಯಬೇಕು.

ಕೋಪಕಬಾನಾದಲ್ಲಿ ಸಮುದ್ರ ಕಾಣುವ ಕೋಣೆ ಎಲ್ಲರ ಆಸೆ. ಆದರೆ ಪಂದ್ಯ ನೋಡಲು ಬಂದವರಿಗೆ ಬೊಟಫೊಗೊ, ಫ್ಲಮೆಂಗೊ, ಕತೇತೆ, ಲಾರ್ಗೊ ಡೊ ಮಶಾಡೊ ಬಡಾವಣೆಗಳು ಹೆಚ್ಚು ಅನುಕೂಲ: ಬಾಡಿಗೆ ಕಡಿಮೆ, ಮೆಟ್ರೊ ಕಾಲ್ನಡಿಗೆಯಲ್ಲಿ, ಕಡಲತೀರ ನಾಲ್ಕಾರು ನಿಲ್ದಾಣದಾಚೆ. ಕಡಲು ಬೇಡ, ಕ್ರೀಡಾಂಗಣವೇ ಹತ್ತಿರ ಇರಲಿ ಎನ್ನುವವರು ತಿಜೂಕಾ ಬಡಾವಣೆ ನೋಡಿ, ಅಲ್ಲಿಂದ ಮರಕಾನಾಕ್ಕೆ ನಡೆದೇ ಹೋಗುತ್ತಾರೆ. ಹೆಸರು ಹೋಲುತ್ತದೆ ಎಂದು ಬಾಹಾ ಡ ತಿಜೂಕಾದಲ್ಲಿ ಬುಕ್ ಮಾಡಿದರೆ ಮಾತ್ರ ಕೆಟ್ಟಿರಿ, ಅದು ಊರಿನ ಇನ್ನೊಂದು ತುದಿ. ನಗರ ಮಧ್ಯದ ಸೆಂತ್ರೊ ಪ್ರದೇಶದಲ್ಲಿ ಹೋಟೆಲ್ ಅಗ್ಗ ಏಕೆಂದರೆ ಕಚೇರಿ ಮುಚ್ಚಿದ ಮೇಲೆ ಅಲ್ಲಿ ಜನವೇ ಇರುವುದಿಲ್ಲ. ರಾತ್ರಿ ಪಂದ್ಯದಿಂದ ಮರಳುವವರಿಗೆ ಆ ಉಳಿತಾಯ ಬೇಡ.

ಸಾವೊ ಪಾವ್ಲೊದ ಕ್ರೀಡಾಂಗಣ ಇರುವುದು ನಗರ ಮಧ್ಯದಿಂದ ಸುಮಾರು 20 ಕಿ.ಮೀ. ಪೂರ್ವಕ್ಕೆ, ಇಟಕೇರಾದಲ್ಲಿ. ದೂರ ಎಂದು ಹೆದರಬೇಕಿಲ್ಲ. ಮೆಟ್ರೊದ 3ನೇ ಕೆಂಪು ಮಾರ್ಗ ಮತ್ತು ಉಪನಗರ ರೈಲಿನ 11ನೇ ಮಾರ್ಗ ಎರಡೂ ಕೊರಿಂಥಿಯನ್ಸ್–ಇಟಕೇರಾ ನಿಲ್ದಾಣಕ್ಕೆ ಬರುತ್ತವೆ, ಅಲ್ಲಿಂದ ಕ್ರೀಡಾಂಗಣ ಕಣ್ಣೆದುರೇ. ಸಾಲು ಬೆಳೆದಿದ್ದರೆ ಒಂದು ನಿಲ್ದಾಣ ಹಿಂದಿನ ಅರ್ತೂರ್ ಆಲ್ವಿಂವರೆಗೆ ನಡೆದು ಅಲ್ಲಿ ರೈಲು ಹತ್ತುವ ದಾರಿಯೂ ಇದೆ.

ಪ್ರವಾಸಿಗರೆಲ್ಲ ಪಾವ್ಲಿಸ್ತಾ ಅವೆನ್ಯೂ ಸುತ್ತ ಇಳಿದುಕೊಳ್ಳುತ್ತಾರೆ. ವಸ್ತುಸಂಗ್ರಹಾಲಯ, ಊಟ, ಓಡಾಟಕ್ಕೆ ಅದು ಸೊಗಸು. ಆದರೆ ಇಟಕೇರಾಕ್ಕೆ ಅಲ್ಲಿಂದ ರೈಲು ಬದಲಿಸಿಕೊಂಡು ಸುಮಾರು ಒಂದು ಗಂಟೆ. ಎರಡು ಮೂರು ಪಂದ್ಯ ಇಲ್ಲೇ ನೋಡುವವರಿಗೆ ತತುವಾಪೆ ಬಡಾವಣೆ ಒಳ್ಳೆಯದು. ಕೆಂಪು ಮಾರ್ಗದಲ್ಲೇ, ದಾರಿಯ ನಡುವೆ ಇದೆ. ಗ್ವಾರುಲ್ಯೋಸ್ ವಿಮಾನ ನಿಲ್ದಾಣದಿಂದ 13ನೇ ಮಾರ್ಗದ ರೈಲಿನಲ್ಲಿ ಎಂಜೆನ್ಯೇರೊ ಗೊಲಾರ್ಟ್‌ವರೆಗೆ ಬಂದು 12ನೇ ಮಾರ್ಗಕ್ಕೆ ಬದಲಿಸಿದರೆ ತತುವಾಪೆಗೇ ಇಳಿಯಬಹುದು. ಇಡೀ ಪ್ರಯಾಣಕ್ಕೆ ಕೆಲವೇ ರಿಯಲ್ (ಬ್ರೆಜಿಲ್‌ನ ಹಣ). ಲೂಸ್ ನಿಲ್ದಾಣದ ಸುತ್ತಲಿನ ಅಗ್ಗದ ಹೋಟೆಲುಗಳನ್ನು ಬಿಟ್ಟುಬಿಡಿ, ರಾತ್ರಿ ಆ ಬೀದಿಗಳು ಸುರಕ್ಷಿತವಲ್ಲ. ಈ ನಗರದಲ್ಲಿ ಸೈಕಲ್ಲಿನಲ್ಲಿ ಬಂದು ಕೈಯಿಂದ ಫೋನ್ ಕಸಿಯುವುದು ದಿನನಿತ್ಯದ ಮಾತು. ನಕ್ಷೆ ನೋಡಬೇಕಿದ್ದರೆ ಅಂಗಡಿಯೊಳಗೆ ಹೋಗಿ ನೋಡಿ, ಪಾದಚಾರಿ ಮಾರ್ಗದ ಅಂಚಿನಲ್ಲಿ ನಿಂತಲ್ಲ.

ಜುಲೈ 9 ಸಾವೊ ಪಾವ್ಲೊ ರಾಜ್ಯದ ರಜೆ. 2027ರಲ್ಲಿ ಅದು ಶುಕ್ರವಾರ ಬರುತ್ತದೆ, ಅಂದರೆ ಮೂರು ದಿನದ ರಜೆ. 8ರ ಸಂಜೆ ತಿಯೆತೆ ಬಸ್ ನಿಲ್ದಾಣದಿಂದ ಹೊರಡುವ ಬಸ್ಸುಗಳು ತುಂಬಿರುತ್ತವೆ, ಹೆದ್ದಾರಿಯಲ್ಲಿ ಆರು ಗಂಟೆಯ ದಾರಿ ಒಂಬತ್ತಾಗಬಹುದು. ಆ ವಾರಾಂತ್ಯದ ಪ್ರಯಾಣವನ್ನು ಒಂದು ದಿನ ಹಿಂದಕ್ಕೋ ಮುಂದಕ್ಕೋ ಸರಿಸಿ.

ಬೆಲೊ ಹಾರಿಜಾಂಟೆಯನ್ನು ಬಹಳ ಮಂದಿ ಪಟ್ಟಿಯಿಂದಲೇ ತೆಗೆದುಬಿಡುತ್ತಾರೆ, ಅದು ತಪ್ಪು. ಜುಲೈನಲ್ಲಿ ಇಲ್ಲಿ ಮಳೆ ಇಲ್ಲವೇ ಇಲ್ಲ ಎನ್ನಬಹುದು, ಹಗಲು 25 ಡಿಗ್ರಿ, ರಾತ್ರಿ 13ರ ಸುತ್ತ. ಕೋಣೆಯ ದರ ರಿಯೊಗಿಂತ ಕಡಿಮೆ. 2014ರಲ್ಲಿ ಜರ್ಮನಿ 7–1ರಿಂದ ಬ್ರೆಜಿಲನ್ನು ಸೋಲಿಸಿದ್ದು ಇಲ್ಲಿನ ಮಿನೆರಾವೊದಲ್ಲೇ. ಆದರೆ ಈ ಕ್ರೀಡಾಂಗಣಕ್ಕೆ ಮೆಟ್ರೊ ಹೋಗುವುದಿಲ್ಲ. ಸವಾಸ್ಸಿಯಂಥ ಮಧ್ಯದ ಬಡಾವಣೆಯಿಂದ ಹತ್ತು ಕಿ.ಮೀ. ದೂರದ ಪಂಪುಲ್ಯಾಕ್ಕೆ ಮೂವ್ ಎಂಬ ಬಸ್ ಪಥದಲ್ಲೇ ಹೋಗಬೇಕು. ಕೊನ್ಫಿನ್ಸ್ ವಿಮಾನ ನಿಲ್ದಾಣ ಊರಿನಿಂದ 40 ಕಿ.ಮೀ. ಆಚೆ ಇರುವುದರಿಂದ ಪಂದ್ಯದ ದಿನ ಬೆಳಿಗ್ಗೆ ಇಳಿದು ರಾತ್ರಿ ಹೊರಡುವ ಯೋಜನೆ ಇಲ್ಲಿ ಕೆಲಸ ಮಾಡದು. ಒಂದು ರಾತ್ರಿ ತಂಗಿ, ಮರುದಿನ ಪಂಪುಲ್ಯಾ ಕೆರೆಯ ದಂಡೆಯಲ್ಲಿರುವ, ವಾಸ್ತುಶಿಲ್ಪಿ ನಿಮೆಯರ್ ವಿನ್ಯಾಸದ ಕಟ್ಟಡಗಳನ್ನು ನೋಡಿ ಬನ್ನಿ. 2016ರಿಂದ ಅವು ಯುನೆಸ್ಕೊ ಪಟ್ಟಿಯಲ್ಲಿವೆ.

ಬ್ರೆಸಿಲಿಯಾ: ಒಂಟಿಯಾಗಿ ನಿಂತ ಅನುಕೂಲಸ್ಥ

ನೆರೆಯ ಆತಿಥೇಯ ನಗರ ಬೆಲೊ ಹಾರಿಜಾಂಟೆಗೇ 730 ಕಿ.ಮೀ. ಮೀರುತ್ತದೆ, ಹಾಗಾಗಿ ಇದು ವಿಮಾನದ ಊರು. ಆದರೆ ಮೊದಲನೇ ಅಳತೆಗೋಲಿನಲ್ಲಿ ಇದನ್ನು ಮೀರಿಸುವುದು ಕಷ್ಟ. ಮನೆ ಗರಿಂಶಾ ಕ್ರೀಡಾಂಗಣ ನಗರದ ಮಧ್ಯದ ಅಕ್ಷದ ಮೇಲೇ ಇದೆ. ಉತ್ತರ ಹೋಟೆಲ್ ವಲಯದಿಂದ ಅರ್ಧ ಗಂಟೆಯೊಳಗೆ ನಡೆದು ಮುಟ್ಟಬಹುದು. ವಿಮಾನ ನಿಲ್ದಾಣವೂ ಹತ್ತಿರ. ಸರ್ಕಾರಿ ಕೆಲಸಕ್ಕೆ ಬರುವವರಿಂದ ಇಲ್ಲಿನ ಹೋಟೆಲುಗಳು ಮಂಗಳವಾರದಿಂದ ಗುರುವಾರದವರೆಗೆ ತುಂಬಿ, ವಾರಾಂತ್ಯದಲ್ಲಿ ಖಾಲಿಯಾಗುತ್ತವೆ. ಶನಿವಾರ, ಭಾನುವಾರದ ಪಂದ್ಯಕ್ಕೆ ಟಿಕೆಟ್ ಸಿಕ್ಕರೆ ಒಳ್ಳೆಯ ಹೋಟೆಲೇ ಕೈಗೆಟಕುತ್ತದೆ. ಜುಲೈನ ಮಧ್ಯಾಹ್ನ ಗಾಳಿ ಎಷ್ಟು ಒಣಗಿರುತ್ತದೆಂದರೆ ತೇವಾಂಶ 30 ಪ್ರತಿಶತಕ್ಕಿಂತ ಕೆಳಗಿಳಿಯುತ್ತದೆ. ಮೂಗು ಒಣಗಿ ರಕ್ತ ಬರುವುದು ಅಪರೂಪವಲ್ಲ; ನೀರು ಜಾಸ್ತಿ ಕುಡಿಯಿರಿ, ತುಟಿಗೆ ಮುಲಾಮು ಇರಲಿ.

ಈಶಾನ್ಯ: ಸಾಲ್ವಡಾರ್, ರೆಸಿಫೆ, ಫೋರ್ಟಲೆಜಾ

ಬೆಚ್ಚಗಿನ ಸಮುದ್ರ ಬೇಕು ಎನ್ನುವವರು ಇತ್ತ ತಿರುಗುತ್ತಾರೆ. ಮೂರೂ ಕಡೆ ರಾತ್ರಿಯೂ 21ಕ್ಕಿಂತ ಕೆಳಗಿಳಿಯುವುದು ಕಡಿಮೆ. ಆದರೆ ಮೂರನ್ನೂ ಒಂದೇ ಎಂದು ಕಾಣುವುದರಲ್ಲೇ ಮೋಸವಿದೆ. ರೆಸಿಫೆಯಲ್ಲಿ ಜೂನ್–ಜುಲೈ ವರ್ಷದ ಅತಿ ಹೆಚ್ಚು ಮಳೆಯ ಕಾಲ, ನಮ್ಮ ಮಂಗಳೂರಿನ ಮುಂಗಾರನ್ನು ನೆನಪಿಸುವಂಥ ಸುರಿತ. ಸಾಲ್ವಡಾರ್‌ನಲ್ಲೂ ಮಳೆಗಾಲ ಇನ್ನೂ ಮುಗಿದಿರುವುದಿಲ್ಲ. ಫೋರ್ಟಲೆಜಾದಲ್ಲಿ ಮಾತ್ರ ಜುಲೈ ಹೊತ್ತಿಗೆ ಮಳೆ ಹಿಂದೆಗೆದು ಬಿಸಿಲು, ಗಾಳಿ ಶುರುವಾಗಿರುತ್ತದೆ.

ಅಂತರವೂ ಕಡಿಮೆಯಲ್ಲ. ಸಾಲ್ವಡಾರ್–ರೆಸಿಫೆ, ರೆಸಿಫೆ–ಫೋರ್ಟಲೆಜಾ ತಲಾ 800 ಕಿ.ಮೀ. ಸುಮಾರು, ಬಸ್ಸಿನಲ್ಲಿ ಹನ್ನೆರಡು ಗಂಟೆಗೂ ಹೆಚ್ಚು, ವಿಮಾನದಲ್ಲಿ ಒಂದೂಕಾಲರಿಂದ ಒಂದೂವರೆ ಗಂಟೆ. ನಡುವೆ ಇರುವ ರೆಸಿಫೆ ಅಜುಲ್ ವಿಮಾನ ಸಂಸ್ಥೆಯ ಈಶಾನ್ಯದ ಕೇಂದ್ರವಾದ್ದರಿಂದ ಮೂರೂ ಊರು ಸುತ್ತುವವರಿಗೆ ನೆಲೆಯಾಗಿ ಅದೇ ಸರಿ ಅನಿಸುತ್ತದೆ. ಆದರೆ ಅಲ್ಲೇ ಪಂದ್ಯ ನೋಡುವವರಿಗೆ ಎಂಟರಲ್ಲಿ ಅತ್ಯಂತ ತ್ರಾಸದ ಕ್ರೀಡಾಂಗಣವೂ ಅಲ್ಲಿಯದೇ. ಅರೀನಾ ಡಿ ಪೆರ್ನಾಂಬುಕೊ ರೆಸಿಫೆಯಲ್ಲಿಲ್ಲ, ಪಶ್ಚಿಮದ ಸಾವೊ ಲೊರೆನ್ಸೊ ಡ ಮಾತಾದಲ್ಲಿದೆ. ಎಲ್ಲರೂ ತಂಗುವ ಬೋವಾ ವಿಯಾಜೆಂ ಕಡಲತೀರದಿಂದ ದಕ್ಷಿಣ ಮಾರ್ಗದ ಮೆಟ್ರೊ ಹತ್ತಿ, ಮಧ್ಯದಲ್ಲಿ ಕಮರಾಜಿಬೆ ಕಡೆಯ ರೈಲಿಗೆ ಬದಲಿಸಿ, ಕೊಸ್ಮೆ ಇ ದಮಿಯಾವೊ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ಕ್ರೀಡಾಂಗಣಕ್ಕೆ ಮತ್ತೆ ಬಸ್ಸು ಹಿಡಿಯಬೇಕು. ಮೂರು ಕೊಂಡಿಗಳಲ್ಲಿ ಒಂದು ತಪ್ಪಿದರೂ ಮಳೆಯಲ್ಲಿ ನಿಲ್ಲಬೇಕು. ಪಂದ್ಯದ ವೇಳೆಗೆ ಎರಡೂವರೆ ಗಂಟೆ ಮೊದಲೇ ಹೊರಡಿ, ಕೊಡೆ ಒಳಗೆ ಬಿಡುವುದು ಅನುಮಾನವಾದ್ದರಿಂದ ರೇನ್‌ಕೋಟ್ ಒಯ್ಯಿರಿ. ಮರಳುವಾಗ ಆ್ಯಪ್ ಕಾರು ನಂಬಿಕೊಂಡರೆ ದರ ಹಲವು ಪಟ್ಟು ಏರುತ್ತದೆ. ಬೋವಾ ವಿಯಾಜೆಂನಲ್ಲಿ ಶಾರ್ಕ್ ಎಚ್ಚರಿಕೆಯ ಫಲಕಗಳಿವೆ, ಅವು ತೋರಿಕೆಗೆ ಹಾಕಿದ್ದಲ್ಲ. ಆಳಕ್ಕೆ ಇಳಿಯಬೇಡಿ. ಇನ್ನೊಂದು ಮಾತು: ಸ್ಥಳೀಯರು ಈ ಊರನ್ನು 'ಹೆಸಿಫಿ' ಎನ್ನುತ್ತಾರೆ, ರಿಯೊವನ್ನು 'ಹಿಯು'. ನಿಲ್ದಾಣದ ಘೋಷಣೆಯಲ್ಲಿ ರಕಾರಕ್ಕೆ ಕಿವಿಗೊಟ್ಟು ಕೂತರೆ ಬಸ್ಸು ಹೋಗಿಬಿಡುತ್ತದೆ.

ಸಾಲ್ವಡಾರ್‌ನ ಫೊಂತೆ ನೋವಾ ಇದಕ್ಕೆ ತದ್ವಿರುದ್ಧ. ಹಳೆಯ ಪಟ್ಟಣದ ಮಗ್ಗುಲಲ್ಲೇ ಇದೆ, ಕಾಂಪೊ ಡ ಪೊಲ್ವೊರಾ ಮೆಟ್ರೊ ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆ. ವಿಮಾನ ನಿಲ್ದಾಣದ ಬಾಗಿಲಿಂದ ಉಚಿತ ಬಸ್ಸು ಮೆಟ್ರೊಗೆ ಬಿಡುತ್ತದೆ. ಹಗಲಲ್ಲಿ ಆ ಹಳೆಯ ಪಟ್ಟಣದ ಪೆಲೊರಿನ್ಯೊ ಭಾಗದ ಕಲ್ಲುಹಾಸಿನ ಬೀದಿಗಳು ಮನ ಸೆಳೆಯುತ್ತವೆ, ಆದರೆ ರಾತ್ರಿ ಪಂದ್ಯದ ಬಳಿಕ ಅದರ ಅಡ್ಡದಾರಿಗಳಲ್ಲಿ ನಡೆಯಬೇಡಿ. ಕೋಣೆ ಬಾಹಾ ಬಡಾವಣೆಯಲ್ಲಿರಲಿ. ಜುಲೈ 2, ಶುಕ್ರವಾರ, ಬಯೀಯಾ ರಾಜ್ಯದ ಸ್ವಾತಂತ್ರ್ಯದ ಹಬ್ಬ. ಮೆರವಣಿಗೆ ಹಳೆಯ ಪಟ್ಟಣದ ಮೂಲಕವೇ ಸಾಗುವುದರಿಂದ ರಸ್ತೆ ಮುಚ್ಚಿರುತ್ತದೆ. ಸಾಧ್ಯವಾದರೆ ಆ ದಿನ ಅಲ್ಲಿರಿ, ಆದರೆ ವಿಮಾನ ಹಿಡಿಯುವ ದಿನವಾಗಿ ಅದನ್ನು ಇಟ್ಟುಕೊಳ್ಳಬೇಡಿ. ಬೀದಿಯಲ್ಲಿ ಮಾರುವ ಅಕರಾಜೆ ನಮ್ಮ ಅಲಸಂದೆ ವಡೆಯ ನಂಟ. ಸಸ್ಯಾಹಾರಿಗಳು ಎಚ್ಚರ, ಒಳಗೆ ತುಂಬುವ ವತಪಾದಲ್ಲಿ ಸೀಗಡಿ ಇರುತ್ತದೆ.

ಫೋರ್ಟಲೆಜಾದ ಕಸ್ತೆಲಾವೊ ದೊಡ್ಡ ಕ್ರೀಡಾಂಗಣ, 60,000 ಮೀರಿದ್ದು. ಮೆಯಿರೆಲೆಸ್ ಕಡಲತೀರದಿಂದ ಹತ್ತು ಕಿ.ಮೀ. ಆಚೀಚೆ, ಬಸ್ಸು ಇಲ್ಲವೇ ಕಾರು.

ವಿಶ್ವಕಪ್ ಆರಂಭವಾಗುವ ಜೂನ್ 24 ಈಶಾನ್ಯದಲ್ಲಿ ಸಾವೊ ಜೊವಾವೊ ಹಬ್ಬ. ದೀಪೋತ್ಸವದಷ್ಟು ದೊಡ್ಡ ಸಂಭ್ರಮ. ಊರಿನವರು ಒಳನಾಡಿಗೆ ಹೊರಟುಬಿಡುತ್ತಾರೆ. 22ರಿಂದ 25ರವರೆಗೆ ಹೆದ್ದಾರಿ, ಬಸ್ಸು ತುಂಬಿ ತುಳುಕುತ್ತವೆ.

ಪೋರ್ಟೊ ಅಲೆಗ್ರೆ

ದಕ್ಷಿಣದ ತುದಿ. ಬೇಯಿರಾ ರಿಯೊ ಕ್ರೀಡಾಂಗಣ ಗ್ವಾಯಿಬಾ ಸರೋವರದ ದಂಡೆಯ ಮೇಲಿದೆ, ನಗರ ಮಧ್ಯದಿಂದ ದಂಡೆಗುಂಟ ಒಂದು ಗಂಟೆಯೊಳಗೆ ನಡೆಯಬಹುದು. ರಾತ್ರಿ 10 ಡಿಗ್ರಿ, ಮಳೆ, ಗಾಳಿ. ಎಷ್ಟೋ ಕೋಣೆಗಳಲ್ಲಿ ಹೀಟರ್ ಇರುವುದಿಲ್ಲ, ಬುಕ್ ಮಾಡುವ ಮುನ್ನ ಕೇಳಿ. ಚಳಿಗಾಲದ ಬೆಳಗ್ಗೆ ಮಂಜು ಕವಿದು ವಿಮಾನಗಳು ತಡವಾಗುವುದು ಸಾಮಾನ್ಯ, ಆದ್ದರಿಂದ ಪಂದ್ಯದ ಹಿಂದಿನ ದಿನವೇ ಬಂದಿರಬೇಕು. ಸಾವೊ ಪಾವ್ಲೊಗೆ 1,100 ಕಿ.ಮೀ. ದಾಟುತ್ತದೆ. ನಿಮ್ಮ ಮೆಚ್ಚಿನ ತಂಡ ಇಲ್ಲಿ ಆಡಿದರೆ ಬನ್ನಿ, ಬಿಡಾರಕ್ಕೆ ಇದನ್ನು ಆರಿಸಬೇಡಿ.

ಯಾರಿಗೆ ಯಾವುದು

ಒಂದು ವಾರ ಮಾತ್ರ ರಜೆ, ಮೊದಲ ಸಲ ಬ್ರೆಜಿಲ್ ಎನ್ನುವವರು ರಿಯೊದಲ್ಲಿ ನಾಲ್ಕು ರಾತ್ರಿ, ಸಾವೊ ಪಾವ್ಲೊದಲ್ಲಿ ಮೂರು ಎಂದು ಹಂಚಿಕೊಳ್ಳಲಿ. ಕೈಯಲ್ಲಿ ದುಡ್ಡು ಕಡಿಮೆ, ದಿನ ಜಾಸ್ತಿ ಇದ್ದರೆ ಸಾವೊ ಪಾವ್ಲೊ ಒಂದನ್ನೇ ನೆಲೆಯಾಗಿಸಿ: ಎಲ್ಲ ದರದ ಕೋಣೆ ಸಿಗುತ್ತದೆ, ಬಸ್ಸು ಎಲ್ಲ ದಿಕ್ಕಿಗೂ ಇದೆ, ಅಂತರರಾಷ್ಟ್ರೀಯ ವಿಮಾನವೂ ಅಲ್ಲೇ ಇಳಿಯುತ್ತದೆ. ವಯಸ್ಸಾದ ತಂದೆತಾಯಿ, ಚಿಕ್ಕ ಮಕ್ಕಳು ಜೊತೆಗಿದ್ದರೆ ಬ್ರೆಸಿಲಿಯಾದ ವಾರಾಂತ್ಯದ ಪಂದ್ಯ, ಆಮೇಲೆ ಫೋರ್ಟಲೆಜಾದ ಬಿಸಿಲು. ವಿಮಾನ ಎರಡು ಸಲ ಹತ್ತಬೇಕಾದೀತು, ಆದರೆ ಮಧ್ಯರಾತ್ರಿ ರೈಲು ಬದಲಿಸುವ ಕಷ್ಟ ತಪ್ಪುತ್ತದೆ. ಒಂದೇ ತಂಡದ ಬೆನ್ನು ಹತ್ತುವವರು ಗುಂಪುಗಳ ಡ್ರಾ ಆಗುವವರೆಗೆ ದೇಶದೊಳಗಿನ ವಿಮಾನಕ್ಕೆ ಕೈ ಹಾಕಬಾರದು.

ಬುಕಿಂಗ್‌ನಲ್ಲಿ ಕ್ರಮ ಮುಖ್ಯ. ಮೊದಲು ರದ್ದು ಮಾಡಬಹುದಾದ ಕೋಣೆ, ಆಮೇಲೆ ಫಿಫಾದ ಅಧಿಕೃತ ತಾಣದಲ್ಲೇ ಪಂದ್ಯದ ಟಿಕೆಟ್, ಕೊನೆಗೆ ಒಳನಾಡಿನ ವಿಮಾನ. ಹೊರಡಲು ಏಳು ದಿನಕ್ಕಿಂತ ಹೆಚ್ಚಿದ್ದಾಗ ಕೊಂಡ ವಿಮಾನ ಟಿಕೆಟನ್ನು 24 ಗಂಟೆಯೊಳಗೆ ದಂಡವಿಲ್ಲದೆ ರದ್ದುಮಾಡುವ ಹಕ್ಕನ್ನು ಬ್ರೆಜಿಲ್‌ನ ವಿಮಾನಯಾನ ನಿಯಮವೇ ಕೊಡುತ್ತದೆ. ಅತಿ ಅಗ್ಗದ ದರದಲ್ಲಿ 10 ಕಿಲೊ ಕೈಚೀಲ ಮಾತ್ರ ಸೇರಿರುತ್ತದೆ. ರಿಯೊ, ಸಾವೊ ಪಾವ್ಲೊ ಎರಡರಲ್ಲೂ ಒಂದಕ್ಕಿಂತ ಹೆಚ್ಚು ವಿಮಾನ ನಿಲ್ದಾಣಗಳಿವೆ. ಗಲೆಯಾವೊದಲ್ಲಿ ಇಳಿದು ಸಾಂತೊಸ್ ದುಮೊಂಟ್‌ನಿಂದ ಹೊರಡುವ ಟಿಕೆಟ್ ಕೊಂಡಿದ್ದರೆ ನಡುವೆ ನಾಲ್ಕು ಗಂಟೆಯಾದರೂ ಇಟ್ಟುಕೊಳ್ಳಿ. ಬಸ್ಸಿನ ಕೆಲವು ತಾಣಗಳು ಸಿಪಿಎಫ್ ಎಂಬ ಸ್ಥಳೀಯ ತೆರಿಗೆ ಸಂಖ್ಯೆ ಕೇಳಿ ಮುಂದೆ ಹೋಗಲು ಬಿಡುವುದಿಲ್ಲ. ಪಾಸ್‌ಪೋರ್ಟ್ ಹಿಡಿದು ನಿಲ್ದಾಣದ ಕೌಂಟರಿಗೆ ಹೋದರೆ ಟಿಕೆಟ್ ಸಿಗುತ್ತದೆ. ಎಲ್ಲೆಡೆ ಕಾಣುವ ಪಿಕ್ಸ್ ಪಾವತಿ ಅಲ್ಲಿನ ಬ್ಯಾಂಕ್ ಖಾತೆ ಇದ್ದವರಿಗೆ. ಕಾರ್ಡು ಎರಡು ಒಯ್ದು, ಒಂದನ್ನು ಕೋಣೆಯಲ್ಲೇ ಬಿಡಿ.

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ವೀಸಾ ಬೇಕು. ಅದರಷ್ಟೇ ಮುಖ್ಯವಾದದ್ದು ಹಳದಿ ಜ್ವರದ ಲಸಿಕೆ. ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮೊದಲು ಅಧಿಕೃತ ಕೇಂದ್ರದಲ್ಲಿ ಹಾಕಿಸಿ ಪ್ರಮಾಣಪತ್ರ ಪಡೆಯಬೇಕು. ಬ್ರೆಜಿಲ್‌ನಿಂದ ಮರಳುವಾಗ ಅದಿಲ್ಲದಿದ್ದರೆ ಭಾರತದಲ್ಲಿ ಇಳಿದ ಕೂಡಲೇ ಆರು ದಿನದವರೆಗೆ ಪ್ರತ್ಯೇಕವಾಸದಲ್ಲಿ ಇರಿಸಬಹುದು. ಒಮ್ಮೆ ಹಾಕಿಸಿದರೆ ಪ್ರಮಾಣಪತ್ರ ಜೀವನಪೂರ್ತಿ ಮಾನ್ಯ.

ಅನ್ನ ಮಾಡಿಕೊಳ್ಳಲು ಕರೆಂಟ್ ಕುಕ್ಕರ್, ಕೆಟಲ್ ಒಯ್ಯುವವರು ವೋಲ್ಟೇಜ್ ನೋಡಿಕೊಳ್ಳಿ. ಬ್ರೆಸಿಲಿಯಾ, ರೆಸಿಫೆ, ಫೋರ್ಟಲೆಜಾಗಳಲ್ಲಿ 220 ವೋಲ್ಟ್, ನಮ್ಮವು ಸರಿಯಾಗಿ ಓಡುತ್ತವೆ. ರಿಯೊ, ಸಾವೊ ಪಾವ್ಲೊ, ಸಾಲ್ವಡಾರ್‌ಗಳ ಸಾಮಾನ್ಯ ಸಾಕೆಟ್‌ನಲ್ಲಿ 127 ಮಾತ್ರ. ಅಲ್ಲಿ ನಮ್ಮ ಕುಕ್ಕರಿನ ಶಾಖ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಾಗುತ್ತದೆ, ಅಕ್ಕಿ ನೆನೆಯುತ್ತದೆ, ಬೇಯುವುದಿಲ್ಲ. ಆ ಊರುಗಳಲ್ಲಿ ತಟ್ಟೆಯ ತೂಕಕ್ಕೆ ದುಡ್ಡು ಕೊಡುವ 'ಪೊರ್ ಕಿಲೊ' ಹೋಟೆಲುಗಳನ್ನು ಹುಡುಕಿ: ಅನ್ನ, ತರಕಾರಿ, ಪಲ್ಯ ಕಣ್ಣಿಗೆ ಕಂಡದ್ದನ್ನೇ ಬಡಿಸಿಕೊಳ್ಳಬಹುದು. ಬೀನ್ಸ್ ಕಾಳಿನ ಸಾರು ಬಡಿಸಿಕೊಳ್ಳುವ ಮುನ್ನ ಮಾತ್ರ ಕೇಳಿ, ಅದನ್ನು ಮಾಂಸದ ಜೊತೆಗೇ ಕುದಿಸಿರುವುದು ಹೆಚ್ಚು.